ಮುಳುಗದ ಕೈ

“ನೀವು ನನ್ನನ್ನ ಅರೆಬರೆ ಮುಳುಗಿಸಿದ್ರಿ ಅಯ್ಯನವರೇ, ಅರೆಬರೆ! ಅದಕ್ಕೇ ಇಷ್ಟೆಲ್ಲ ಆಗಿದ್ದು!”

“ಸ್ವಲ್ಪ ಮೆತ್ತಗೆ. ಪಕ್ಕದ ಅಂಗಡಿಯವರು ಬಾಗಿಲಿಗೆ ಬಂದು ನಿಂತಿದ್ದಾರೆ.”

“ನಿಲ್ಲಲಿ! ಕುರ್ಚಿ ಹಾಕ್ಕೊಂಡು ಕೂರಲಿ! ಈ ಕೈ ನೀರಿಗೆ ಹೋಗ್ಲಿಲ್ಲ. ಹೋಗ್ಲಿಲ್ಲ ತಾನೆ? ನೀವೇ ಅಲ್ವಾ ಮೇಲೆತ್ತಿ ಹಿಡ್ಕೊಂಡಿದ್ದು, ಬಸ್ಸಲ್ಲಿ ಕಂಬಿ ಹಿಡಿದ ಹಾಗೆ?”

ಅಯ್ಯನವರು ಮಗುಚಿ ಮಲಗಿಸಿದ್ದ ಹೊಲಿಗೆ ಮಷಿನ್ನಿನ ಹೊಟ್ಟೆಯಲ್ಲಿ ಸಿಕ್ಕಿಕೊಂಡಿದ್ದ ದಾರದ ಗಂಟನ್ನು ಇಕ್ಕಳದಿಂದ ಎಳೆಯುತ್ತಿದ್ದರು. ಭಾನುವಾರ ಕ್ರೈಸ್ತ ಸಭೆಯಲ್ಲಿ ಉಪದೇಶ, ಉಳಿದ ದಿನ ಈ ಗೂಡಂಗಡಿಯಲ್ಲಿ ಮಷಿನ್ ರಿಪೇರಿ, ಇದು ಅವರ ಬದುಕು. ಎದುರಿಗೆ ಹಿಟ್ಟು ಮೆತ್ತಿದ ಅಂಗಿಯಲ್ಲಿ ನಿಂತು ಕೂಗುತ್ತಿದ್ದವನು ಮೇಲಿನ ಬೀದಿಯ ಬೇಕರಿಯವನು. ಬೀದಿಗೆಲ್ಲ ಅವನು ಕೆಂಡ. ಭಟ್ಟಿಯ ಮುಂದೆ ನಿಂತು ನಿಂತು ಮುಖ ಕೆಂಪಾಗಿ ಆ ಹೆಸರು ಬಂತೆಂದು ಅವನು ಹೇಳಿಕೊಳ್ಳುತ್ತಿದ್ದ. ಕೋಪ ಮೂಗಿನ ತುದಿಯಲ್ಲೇ ಕೂತಿರುವುದರಿಂದ ಬಂತೆಂದು ಮಿಕ್ಕವರಿಗೆಲ್ಲ ಗೊತ್ತಿತ್ತು.

ಅವನು ಹೇಳುತ್ತಿದ್ದುದು ಸುಳ್ಳಲ್ಲ. ಕಳೆದ ಚಳಿಗಾಲದಲ್ಲಿ ಅವನಿಗೆ ದೀಕ್ಷಾಸ್ನಾನವಾಯಿತು. ಆ ಸಭೆಯವರು ತಲೆಗೆ ನೀರು ಚಿಮುಕಿಸಿ ಕಳಿಸುವವರಲ್ಲ. ಅವರ ಪ್ರಾರ್ಥನಾ ಮಂದಿರದಲ್ಲಿ ನೆಲಕ್ಕೆ ಹಾಸಿದ ಹಲಗೆಗಳನ್ನು ಎತ್ತಿದರೆ ಕೆಳಗೆ ಒಂದು ಸಿಮೆಂಟಿನ ತೊಟ್ಟಿ ಇದೆ. ಸೊಂಟದುದ್ದ ನೀರಿಗೆ ಇಳಿಸಿ, ಹೆಣವನ್ನು ಮಲಗಿಸುವ ಹಾಗೆ ಬೆನ್ನ ಮೇಲೆ ಮಲಗಿಸಿ, ಪೂರಾ ಮುಳುಗಿಸಿ ಎತ್ತುತ್ತಾರೆ. ಮೆಟ್ಟಿಲ ಬಳಿ ಒಣಗಿದ ಟವೆಲ್ ಹಿಡಿದು ಒಬ್ಬರು ಕಾಯುತ್ತಿರುತ್ತಾರೆ, ಹತ್ತಿರದವರು ಯಾರಾದರೂ. ಮೇಲೆ ಬಂದವನನ್ನು ಮೊದಲು ಮುಟ್ಟುವವರು ಅವರೇ. ಕೆಂಡನಿಗೆ ಟವೆಲ್ ಹಿಡಿದು ನಿಂತವಳು ಅವನ ಅಕ್ಕ. ಅವನನ್ನು ಆ ಸಭೆಗೆ ಕರೆತಂದವಳೂ ಅವಳೇ, ತಾಯಿಯಿಲ್ಲದ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳೂ ಅವಳೇ.

ಆದರೆ ಸ್ನಾನಕ್ಕೆ ಕೆಲವೇ ದಿನ ಮೊದಲು ಕೆಂಡ ಭಟ್ಟಿಯ ಬಾಗಿಲಿಗೆ ಬಲಗೈ ತಾಗಿಸಿಕೊಂಡು ಮೊಣಕೈವರೆಗೂ ಸುಟ್ಟುಕೊಂಡಿದ್ದ. ಗಾಯಕ್ಕೆ ನೀರು ತಾಗಿಸಬೇಡಿ ಎಂದು ಡಾಕ್ಟರು ಗದರಿದ್ದರು. ಸ್ನಾನ ಮುಂದೂಡೋಣ ಎಂದರೆ ಇವನು ಕೇಳುವವನೇ? ಕೊನೆಗೆ ಅಕ್ಕ ಬ್ರೆಡ್ಡಿನ ಪ್ಲಾಸ್ಟಿಕ್ ಚೀಲವನ್ನು ಬ್ಯಾಂಡೇಜಿನ ಮೇಲೆ ತೊಡಿಸಿ, ರಬ್ಬರ್ ಬ್ಯಾಂಡ್ ಹಾಕಿ, “ಅಯ್ಯನವರೇ, ಆ ಕೈ ಒಂದು ಮೇಲೇ ಇರಲಿ” ಎಂದಳು. ಹಾಗೇ ಆಯಿತು. ಕೆಂಡ ಪೂರಾ ಮುಳುಗಿದ, ಕೈಯೊಂದು ಮಾತ್ರ ನೀರಿನ ಮೇಲೆ ನಿಂತಿತ್ತು, ತರಗತಿಯಲ್ಲಿ ಉತ್ತರ ಗೊತ್ತಿದೆ ಎನ್ನುವ ಹುಡುಗನ ಕೈಯ ಹಾಗೆ. ಸಭೆಯಲ್ಲಿ ಕೆಲವರು ಬಾಯಿಗೆ ಕರವಸ್ತ್ರ ಅಡ್ಡ ಹಿಡಿದರು. ಮೇಲೆ ಬಂದವನ ತಲೆ ಒರೆಸುತ್ತಾ ಅಕ್ಕ ಕಣ್ಣೀರು ಸುರಿಸಿ, “ಇವತ್ತು ಹುಟ್ಟಿದೆಯಲ್ಲೋ ತಮ್ಮಾ” ಎಂದಳು.

ಆ ಕೈ ವಾಸಿಯಾಯಿತು. ವಾಸಿಯಾದ ಕೈಯಿಂದ ಅವನು ಅಕ್ಕನ ಕೆನ್ನೆಗೆ ಹೊಡೆದ.

ಕಾರಣ ಕೇಳಿದರೆ ನಗು ಬರುತ್ತದೆ. ಒಂದು ದಿನ ಅವನು ಹಿಟ್ಟಿಗೆ ಉಪ್ಪು ಹಾಕುವುದನ್ನೇ ಮರೆತ. ಶಾಲೆಯ ಹಾಸ್ಟೆಲ್ಲಿನವರು ಬ್ರೆಡ್ಡನ್ನೆಲ್ಲ ಬುಟ್ಟಿ ಸಮೇತ ವಾಪಸು ಕಳಿಸಿದರು. ಕೆಂಡ ಗಲ್ಲಾದ ಮುಂದೆ ನಿಂತು ಹೆಂಡತಿಗೆ ಬೈಯತೊಡಗಿದ, ಅವಳೇ ಉಪ್ಪು ಎತ್ತಿಡಲಿಲ್ಲವೆಂದು. ಅಕ್ಕ ಟ್ರೇ ಒರೆಸುತ್ತಿದ್ದವಳು, “ಅವಳನ್ನ ಯಾಕೆ ಬೈತೀಯೋ, ನಾದಿದ್ದು ನೀನು, ಮರೆತಿದ್ದೂ ನೀನು. ಉಪ್ಪು ಖಾರ ಎಲ್ಲ ನಿನ್ನ ಬಾಯಲ್ಲೇ ಖರ್ಚಾಗಿ ಹೋಯ್ತು” ಎಂದಳು. ಬ್ರೆಡ್ಡಿಗೆ ಬಂದಿದ್ದ ಗಿರಾಕಿಗಳು ಗೊಳ್ಳೆಂದು ನಕ್ಕರು. ಅಷ್ಟೇ. ಅವರ ನಗು ಮುಗಿಯುವುದರೊಳಗೆ ಏಟು ಬಿದ್ದಿತ್ತು. ಅಕ್ಕನ ಕನ್ನಡಕ ಹಾರಿ ಬನ್ನಿನ ಬುಟ್ಟಿಗೆ ಬಿತ್ತು. ಅವಳು ಅದನ್ನು ಎತ್ತಿಕೊಂಡು ಸೆರಗಿನಲ್ಲಿ ಒರೆಸಿ ಹಾಕಿಕೊಂಡು, ಮುಂದೆ ನಿಂತಿದ್ದ ಹೆಂಗಸನ್ನು, “ಹೋಳು ಮಾಡಿದ್ದು ಕೊಡಲಾ, ಇಡೀದು ಕೊಡಲಾ?” ಎಂದು ಕೇಳಿದಳು.

ಅವತ್ತಿನಿಂದ ಅಕ್ಕ ಅವನ ಜೊತೆ ಮಾತಾಡಿರಲಿಲ್ಲ. ಬೇಕರಿಯ ಕೆಲಸ ಒಂದೂ ಬಿಟ್ಟಿರಲಿಲ್ಲ, ಮಾತೊಂದನ್ನೇ ಬಿಟ್ಟಿದ್ದಳು.

ಏಟನ್ನು ಕಂಡ ಗಿರಾಕಿಗಳಲ್ಲಿ ಸಭೆಯ ಟೈಲರಮ್ಮ ಒಬ್ಬಳಿದ್ದಳು. ಮಾತು ಬಾಯಿಂದ ಬೀಳುವ ಮೊದಲೇ ನಗುವ ಹೆಂಗಸು. ನಲ್ಲಿಯ ಹತ್ತಿರ ಯಾರೋ ಛೀ ಥೂ ಎಂದಾಗ ಅವಳು, “ಪಾಪ, ಅವನ ತಪ್ಪೇನಿದೆ? ಮಿಕ್ಕಿದ್ದೆಲ್ಲ ರಕ್ಷಣೆ ಹೊಂದಿದೆ, ಆ ಕೈ ಒಂದು ಬಾಕಿ” ಎಂದಿದ್ದಳಂತೆ. ಅವಳು ತಮಾಷೆಗೆ ಅಂದಳು. ಕೆಂಡನ ಕಿವಿಗೆ ಅದು ಬಿದ್ದಾಗ ಅವನು ನಗಲೂ ಇಲ್ಲ, ಜಗಳಕ್ಕೂ ಹೋಗಲಿಲ್ಲ. ಮುಳುಗುವವನಿಗೆ ಹಗ್ಗ ಸಿಕ್ಕ ಹಾಗಾಯಿತು. ಹೌದಲ್ಲ! ತಾನಲ್ಲ ಹೊಡೆದದ್ದು. ನೀರು ಕಾಣದ ಕೈ ಹೊಡೆದದ್ದು. ಅದನ್ನೂ ಮುಳುಗಿಸಿಬಿಟ್ಟರೆ ಎಲ್ಲ ಸರಿಹೋಗುತ್ತದೆ. ಹಿಟ್ಟು ನಾದುವುದನ್ನು ಅರ್ಧಕ್ಕೇ ಬಿಟ್ಟು ಅಯ್ಯನವರ ಅಂಗಡಿಗೆ ಬಂದಿದ್ದ.

“ಇನ್ನೊಂದು ಸಲ ಮುಳುಗಿಸಿ. ಬರೋ ಭಾನುವಾರ ಹೇಗೂ ಕ್ಷೌರದವರ ಮಗಳಿಗೆ ಸ್ನಾನ ಇದೆ, ತೊಟ್ಟಿ ತುಂಬಿಸ್ತೀರಿ. ಅದೇ ನೀರಲ್ಲಿ ನನ್ನದೂ ಆಗಿಹೋಗ್ಲಿ.”

“ಆಗಲ್ಲ.”

“ಯಾಕಾಗಲ್ಲ? ಗ್ರಂಥದಲ್ಲೇ ಇದೆ! ಯೇಸುಗಿಂತ ಮೊದಲು ಬಂದ ಯೋಹಾನನ ಸ್ನಾನ ಮಾಡಿಸ್ಕೊಂಡಿದ್ದವರು ಆಮೇಲೆ ಎರಡನೇ ಸಲ ಮಾಡಿಸ್ಕೊಳ್ಳಲಿಲ್ವಾ? ನಾನೇನು ಓದಿಲ್ಲ ಅನ್ಕೊಂಡ್ರಾ?”

ಅಯ್ಯನವರು ಇಕ್ಕಳ ಕೆಳಗಿಟ್ಟರು. “ಓದಿದ್ದೀರಿ, ಸಂತೋಷ. ಅವರಿಗೆ ಯೇಸು ಯಾರು ಅಂತಲೇ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಆ ಹೆಸರಲ್ಲಿ ಇಳಿದರು. ನಿಮಗೆ ಗೊತ್ತಿರಲಿಲ್ವಾ?”

ಕೆಂಡ ಹಲ್ಲು ಕಡಿದ.

“ಆ ಮೊದಲಿನ ಕಾಲದವರು ನೀರಿಗೆ ಇಳಿದಿದ್ದು ಮೈ ತೊಳೆಯೋಕಲ್ಲ. ಹಾಗಂತ ಬರೆದೇ ಇದ್ದಾರೆ. ಚರ್ಮದ ಕೊಳೆ ಹೋಗೋ ಮಾತಲ್ಲ ಇದು, ದೇವರ ಮುಂದೆ ಶುದ್ಧ ಮನಸ್ಸು ಬೇಕು ಅಂತ ಕೇಳ್ಕೊಳ್ಳೋ ಮಾತು. ನೀರು ಅವರಿಗೆ ಗುಂಡಿ ಇದ್ದ ಹಾಗೆ. ಹಳೇ ಮನುಷ್ಯನನ್ನ ಕ್ರಿಸ್ತನ ಜೊತೆ ಅಲ್ಲಿ ಹೂಳೋದು, ಹೊಸಬ ಏಳೋದು. ಒಂದು ಹೆಣಕ್ಕೆ ಎಷ್ಟು ಸಲ ಮಣ್ಣು ಮಾಡ್ತಾರೆ?”

“ಒಂದು ಕೈ ಮಣ್ಣಿನ ಮೇಲೇ ಉಳಿದಿದ್ರೆ? ನಾಯಿ ಬಂದು ಎಳೆಯುತ್ತೆ ಅಯ್ಯನವರೇ! ಎಳೆದಿದೆ!”

ಅಯ್ಯನವರಿಗೆ ನಗು ತಡೆಯಲಾಗಲಿಲ್ಲ. ಅದು ಬೆಂಕಿಗೆ ಇನ್ನೂ ಎಣ್ಣೆ ಸುರಿದಂತಾಯಿತು.

“ನಗ್ರಿ! ಎಲ್ಲರೂ ನಗ್ರಿ! ನಿಮ್ಮ ಉಪದೇಶ ಕೇಳಿ ಇಳಿದೆನಲ್ಲ, ನನಗೆ ಬೇಕಿತ್ತು ಇದು.”

“ನಿಮ್ಮನ್ನ ನೋಡಿ ನಗಲಿಲ್ಲ. ತಪ್ಪಾಯ್ತು,” ಎಂದರು ಅಯ್ಯನವರು. ಎಷ್ಟು ಸಲೀಸಾಗಿ ಅಂದುಬಿಟ್ಟರು! ನೂಲು ಸೂಜಿಯೊಳಗೆ ಹೋದ ಹಾಗೆ. ಆ ಮೂರಕ್ಷರ ಬಾಯಿಂದ ಬರಲಾರದೆ ತಾನು ಇಷ್ಟು ದಿನ ಒದ್ದಾಡುತ್ತಿರುವುದು ನೆನಪಾಗಿ ಕೆಂಡನ ಕಿವಿ ಬಿಸಿಯಾಯಿತು. ಅಯ್ಯನವರು ಮುಂದುವರಿಸಿದರು: “ನೋಡಿ, ಗ್ರಂಥದಲ್ಲಿ ಸೆರೆಮನೆ ಕಾಯೋನೊಬ್ಬನ ಕಥೆ ಬರುತ್ತಲ್ಲ. ಏಟು ತಿಂದು ಬಂದ ಕೈದಿಗಳ ಕಾಲಿಗೆ ಕೋಳ ಹಾಕಿ ಒಳಗೆ ತಳ್ಳಿದ್ದ. ಆಮೇಲೆ ಮನಸ್ಸು ತಿರುಗಿದಾಗ ಅವನು ಮೊದಲು ಮಾಡಿದ್ದೇನು? ನೀರು ತಂದು ಅವರ ಗಾಯ ತೊಳೆದ. ಆಮೇಲೇ ತಾನು ಸ್ನಾನ ಮಾಡಿಸ್ಕೊಂಡಿದ್ದು. ಮೊದಲು ಅವರ ಗಾಯ, ಆಮೇಲೆ ತನ್ನ ತಲೆ. ಮನೆಗೆ ಹೋಗಿ. ಅಕ್ಕನ ಹತ್ರ ಮಾತಾಡಿ. ಅದಕ್ಕೆ ತೊಟ್ಟಿ ಬೇಡ.”

“ಅದು ಜೈಲಿನವನ ಕಥೆ. ನಂದು ಬೇಕರಿ,” ಎಂದು ಕೆಂಡ ಬಾಗಿಲನ್ನು ದಡಾರನೆ ಎಳೆದುಕೊಂಡು ಹೊರಟ.

ಆದರೂ ಆ ಮಾತು ಮುಳ್ಳಿನ ಹಾಗೆ ಒಳಗೇ ಉಳಿಯಿತು. ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತು. ಅಕ್ಕ ಹಿಂದಿನ ಕೋಣೆಯಲ್ಲಿ ಬ್ರೆಡ್ಡಿನ ಅಚ್ಚುಗಳಿಗೆ ಎಣ್ಣೆ ಸವರುತ್ತಿದ್ದಳು. ಕೆಂಡ ಎದುರಿಗೆ ಬಂದು ನಿಂತ. ಗಂಟಲು ಸರಿಮಾಡಿಕೊಂಡ. ಅವಳ ಬೆರಳು ಅಚ್ಚಿನ ಮೂಲೆಮೂಲೆಗೂ ಹೋಗಿ ಬರುತ್ತಿತ್ತು. ಅವಳು ತಲೆಯೆತ್ತಿದರೆ ಹೇಳಿಬಿಡೋಣ ಎಂದುಕೊಂಡ. ಅವಳು ತಲೆಯೆತ್ತಿದಳು. ಕನ್ನಡಕದ ಒಂದು ಕಡ್ಡಿಗೆ ದಾರ ಸುತ್ತಿದ್ದನ್ನು ಅವನು ಆಗ ಕಂಡ.

“ಹಿಟ್ಟು ಉಬ್ಬಿದೆಯಾ ನೋಡಿದ್ಯಾ?” ಎಂದು ಕೂಗಿದ. ಕೂಗುವುದೇ ಬೇಡವಾಗಿತ್ತು, ಇಬ್ಬರ ನಡುವೆ ಒಂದು ಮೇಜು ಅಷ್ಟೇ ಇತ್ತು.

ಅಕ್ಕ ಎದ್ದು ಹೋಗಿ ಹಿಟ್ಟಿನ ಮೇಲಿನ ಒದ್ದೆ ಬಟ್ಟೆ ಸರಿಸಿ ನೋಡಿ, ಮುಂದೆ ಗಲ್ಲಾದಲ್ಲಿದ್ದ ಅವನ ಹೆಂಡತಿಗೆ, “ಇನ್ನೂ ಸ್ವಲ್ಪ ಹೊತ್ತು ಬೇಕು ಅಂತ ಹೇಳಮ್ಮ” ಎಂದಳು.

ಇನ್ನೊಂದು ಸಲ ಅವಳಿಗಿಷ್ಟವಾದ ಬ್ರೆಡ್ಡಿನ ತುದಿಯ ಗಟ್ಟಿ ಹೋಳನ್ನು, ಬಿಸಿಬಿಸಿಯಾಗಿ ಕತ್ತರಿಸಿ, ತಟ್ಟೆಯಲ್ಲಿಟ್ಟು ಅವಳ ಹತ್ತಿರ ತಳ್ಳಿದ. ಚಿಕ್ಕವರಿದ್ದಾಗ ಅದಕ್ಕಾಗಿ ಕಿತ್ತಾಡುತ್ತಿದ್ದವರು. ಅವಳು ಅದನ್ನು ಕಾಗದದಲ್ಲಿ ಸುತ್ತಿ ಬಾಗಿಲಿಗೆ ಬಂದ ಕಸ ಗುಡಿಸುವವಳಿಗೆ ಕೊಟ್ಟಳು. ಸಿಟ್ಟಿನಿಂದಲ್ಲ, ಬೇರೆಯವರ ಸಾಮಾನನ್ನು ವಾಪಸು ಮಾಡುವ ಹಾಗೆ.

“ನಾಚಿಕೆ ಆಗಲ್ವೇನ್ರೀ?” ಎಂದಳು ಹೆಂಡತಿ, ಅಕ್ಕ ಆ ಕಡೆ ಹೋದ ಮೇಲೆ. “ಬೀದಿಗೆಲ್ಲ ಕೇಳೋ ಹಾಗೆ ಬೈಯೋಕೆ ಬರುತ್ತೆ. ಅತ್ತಿಗೆ ಕಿವಿಗೆ ಮಾತ್ರ ಕೇಳೋ ಹಾಗೆ ಒಂದು ಮಾತು ಆಡೋಕೆ ಬರಲ್ಲ. ಕೈ ಮುಳುಗಿಲ್ವಂತೆ, ಕೈ! ನಿಮ್ಮ ನಾಲಿಗೆ ಮುಳುಗಿತ್ತಾ ಅವತ್ತು? ಬಾಯಿ ಮುಚ್ಕೊಂಡಿದ್ರಲ್ಲ!”

ಬೇರೆ ದಿನವಾಗಿದ್ದರೆ ಮನೆ ಹಾರಿಹೋಗುತ್ತಿತ್ತು. ಅವನು ಸುಮ್ಮನೆ ಭಟ್ಟಿಯ ಕಡೆ ತಿರುಗಿಕೊಂಡ. ನಾಚಿಕೆ ಆಗುತ್ತಿರಲಿಲ್ಲವೆ? ಅಂಗಡಿಗೆ ಯಾರು ಬಂದರೂ ಮೊದಲು ತನ್ನ ಕೈ ನೋಡುತ್ತಾರೆ ಅನ್ನಿಸುತ್ತಿತ್ತು. ಅವತ್ತು ‘ಹೋಳಾ, ಇಡೀದಾ’ ಎಂದು ಕೇಳಿಸಿಕೊಂಡ ಹೆಂಗಸು ದೂರದಲ್ಲಿ ಕಂಡರೂ ಹಿಂದಿನ ಕೋಣೆಗೆ ಹೋಗಿ ಮೂಟೆಗಳ ಮಧ್ಯೆ ನಿಲ್ಲುತ್ತಿದ್ದ. ಒಬ್ಬನೇ ಇದ್ದಾಗ ಬಲಗೈಯನ್ನು ಜೇಬಿಗೆ ತುರುಕಿಕೊಳ್ಳುತ್ತಿದ್ದ. ಆದರೆ ಆ ನಾಚಿಕೆಯನ್ನು ಹಿಡಿದುಕೊಂಡು ಅಕ್ಕನ ಮುಂದೆ ನಿಲ್ಲುವುದಕ್ಕಿಂತ ತೊಟ್ಟಿಯಲ್ಲಿ ಮುಳುಗುವುದೇ ಸುಲಭ ಎನಿಸಿತ್ತು ಅವನಿಗೆ.

ಭಾನುವಾರ ಬಂತು. ಹಲಗೆ ಎತ್ತಿದ್ದರು, ತೊಟ್ಟಿ ತುಂಬಿತ್ತು. ಮಂದಿರದ ತುಂಬ ಒದ್ದೆ ಸಿಮೆಂಟಿನ ವಾಸನೆ. ಅಕ್ಕ ಹೆಂಗಸರ ಸಾಲಿನಲ್ಲಿ ಟೈಲರಮ್ಮನ ಹಿಂದೆ ಕೂತಿದ್ದಳು. ಕ್ಷೌರದವರ ಮಗಳು ಬಿಳಿ ನಿಲುವಂಗಿಯಲ್ಲಿ ನಡುಗುತ್ತಾ ಇಳಿದಳು, ಮುಳುಗಿದಳು, ಎದ್ದಳು. ಅವಳಪ್ಪ ಟವೆಲ್ ಹಿಡಿದುಕೊಂಡು ಮಗಳಿಗಿಂತ ಹೆಚ್ಚು ಅಳುತ್ತಿದ್ದ. ಎಲ್ಲರೂ ಹಾಡತೊಡಗಿದರು. ಅಯ್ಯನವರು ಇನ್ನೂ ನೀರಿನಲ್ಲೇ ಇದ್ದರು.

ಆಗ ಕೆಂಡ ಎದ್ದ. ಚಪ್ಪಲಿ ಮೊದಲೇ ಹೊರಗಿತ್ತು. ಅಂಗಿ, ಪ್ಯಾಂಟು, ಬೆಲ್ಟು ಎಲ್ಲ ಸಮೇತ ಮೆಟ್ಟಿಲಿಳಿದು ನೀರಿಗೆ ಧುಮುಕಿದ. ಮುಂದಿನ ಸಾಲಿನವರಿಗೆಲ್ಲ ನೀರು ಹಾರಿತು. ಹಾಡು ಒಂದೊಂದೇ ಬಾಯಲ್ಲಿ ನಿಂತಿತು. ಅಯ್ಯನವರು, “ಬೇಡ, ಮೇಲೆ ಹೋಗಿ” ಎಂದು ಮೆಲ್ಲಗೆ ಹೇಳುತ್ತಿದ್ದರೂ ಕೇಳದೆ ಮೂಗು ಹಿಡಿದುಕೊಂಡು ತಾನೇ ಮುಳುಗಿದ, ಬಲಗೈಯನ್ನು ತೊಟ್ಟಿಯ ತಳಕ್ಕೆ ಒತ್ತಿ ಹಿಡಿದ. ಉಸಿರು ಕಟ್ಟುವವರೆಗೂ ಹಿಡಿದ. ಎದ್ದಾಗ ಕೂದಲೆಲ್ಲ ಮುಖಕ್ಕೆ ಅಂಟಿತ್ತು. ಆ ಕೈಯನ್ನು ಮೇಲೆತ್ತಿ, ಮಂದಿರದ ಗೋಡೆಗಳು ಗುಂಯ್‌ಗುಡುವಂತೆ ಕೂಗಿದ:

“ಅಕ್ಕಾ! ನೋಡು! ನಿನ್ನ ಕೆನ್ನೆಗೆ ಹೊಡೆದ ಕೈ ಇದೇ! ಇವತ್ತು ಸತ್ತುಹೋಯ್ತು! ಮುಗೀತು!”

ಆಮೇಲೆ ತಲೆಗಳು ತಿರುಗತೊಡಗಿದವು. ಅವನ ಕಡೆಗಲ್ಲ, ಅಕ್ಕನ ಕಡೆಗೆ. ಅಲ್ಲಿದ್ದವರಲ್ಲಿ ಬಹಳ ಮಂದಿಗೆ ವಿಷಯವೇ ಗೊತ್ತಿರಲಿಲ್ಲ. ಈಗ ಎಲ್ಲರೂ ಅವಳ ಕೆನ್ನೆ ನೋಡುತ್ತಿದ್ದರು, ಯಾವ ಕೆನ್ನೆ ಎಂದು ಹುಡುಕುವ ಹಾಗೆ. ಬಾಯಿಬಡುಕಿ ಟೈಲರಮ್ಮ ಕೂಡ ನಗಲಿಲ್ಲ. ತಲೆ ತಗ್ಗಿಸಿದಳು. ಅಕ್ಕ ಸೆರಗನ್ನು ಮುಖದ ಅರ್ಧಕ್ಕೆ ಎಳೆದುಕೊಂಡಳು. ಅವಳು ಎಂದೂ ಸೆರಗು ಎಳೆದುಕೊಂಡವಳಲ್ಲ.

ಅದನ್ನು ಕಂಡ ಕ್ಷಣ ಕೆಂಡನಿಗೆ ತಾನೇನು ಮಾಡಿದೆ ಎಂಬುದು ಗೊತ್ತಾಯಿತು. ಅಂಗಡಿಯಲ್ಲಿ ಹೊಡೆದಾಗ ಕಂಡವರು ಬೆರಳೆಣಿಕೆಯ ಗಿರಾಕಿಗಳು. ಇವತ್ತು ಸಭೆಯ ಮುಂದೆ, ಅವಳು ತನ್ನದೆಂದುಕೊಂಡಿದ್ದ ಒಂದೇ ಜಾಗದಲ್ಲಿ, ಇನ್ನೊಂದು ಸಲ ಹೊಡೆದಿದ್ದ. ಅದೂ ನೀರಲ್ಲಿ ನಿಂತು. ನೆಲ ಬಾಯಿಬಿಟ್ಟು ನುಂಗಬಾರದೇ ಎಂದುಕೊಂಡ. ನುಂಗುವ ಗುಂಡಿಯಲ್ಲೇ ನಿಂತಿದ್ದ, ಅದು ಅವನನ್ನು ಸೊಂಟದವರೆಗೆ ಮಾತ್ರ ಮುಚ್ಚಿತ್ತು.

ಅವನು ಮೆಟ್ಟಿಲು ಹತ್ತಿದ. ಟವೆಲ್ ಹಿಡಿದವರು ಯಾರೂ ಇರಲಿಲ್ಲ. ಅಯ್ಯನವರೇ ಹಿಂದಿನಿಂದ ಬಂದು ತಮ್ಮ ಹೆಗಲ ಮೇಲಿದ್ದುದನ್ನು ಅವನ ಬೆನ್ನಿಗೆ ಹಾಕಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅಷ್ಟರಲ್ಲಿ ಅಕ್ಕ ಎದ್ದು, ಸಾಲಿನಲ್ಲಿ ಕೂತವರ ಮೊಣಕಾಲು ದಾಟಿಕೊಂಡು, ಬಾಗಿಲಾಚೆ ಹೋಗಿದ್ದಳು.

ಒದ್ದೆ ಬಟ್ಟೆಯಲ್ಲೇ ಅವನು ಬೀದಿ ದಾಟಿ ಮನೆಗೆ ಬಂದ. ಹೆಂಡತಿ ಹಿಂದಿನಿಂದ ಏದುಸಿರು ಬಿಡುತ್ತಾ ಬಂದಳು. ಬೇಕರಿಯ ಹಿಂದಿನ ಕೋಣೆಯಲ್ಲಿ ಅಕ್ಕ ಮಂಚದ ಮೇಲೆ ಬ್ಯಾಗು ತೆರೆದಿಟ್ಟು ಸೀರೆಗಳನ್ನು ಮಡಿಸುತ್ತಿದ್ದಳು. ಅವಸರವೇನೂ ಇರಲಿಲ್ಲ. ಅಂಚಿಗೆ ಅಂಚು ಕೂಡಿಸಿ ಮಡಿಸುತ್ತಿದ್ದಳು.

“ಎಲ್ಲಿಗತ್ತಿಗೆ?” ಎಂದಳು ಹೆಂಡತಿ.

“ಆಚೆ ಊರಿನ ಆಸ್ಪತ್ರೆ ಅಡುಗೆಮನೆಗೆ ಜನ ಬೇಕಂತೆ. ಇರೋಕೆ ಜಾಗಾನೂ ಕೊಡ್ತಾರೆ. ಹೋದ ತಿಂಗಳೇ ಕೇಳಿದ್ರು.” ಆಮೇಲೆ ಅಕ್ಕ ಅವನ ಕಡೆ ತಿರುಗಿದಳು. ಇಷ್ಟು ದಿನದ ಮೇಲೆ ಅವನ ಜೊತೆಗೇ ಮಾತಾಡಿದಳು. “ನೀನು ಬರ್ತೀಯ, ಒಂದು ಮಾತು ಹೇಳ್ತೀಯ ಅಂತ ಅವರಿಗೆ ಹೂಂ ಅಂದಿರಲಿಲ್ಲ. ದಿನಾ ಮಧ್ಯಾಹ್ನ ಅಚ್ಚಿಗೆ ಎಣ್ಣೆ ಹಚ್ಚೋಕೆ ಕೂತ್ಕೋತಿದ್ದೆನಲ್ಲ, ಅಷ್ಟು ಅಚ್ಚು ಯಾರಿಗೋ ಬೇಕಿತ್ತು? ಯಾರೂ ಇಲ್ಲದ ಹೊತ್ತು ಅಂತ ಕೂತ್ಕೋತಿದ್ದೆ.”

ಕೆಂಡನ ಅಂಗಿಯಿಂದ ನೀರು ತೊಟ್ಟಿಕ್ಕಿ ನೆಲದ ಹಿಟ್ಟಿನ ಪುಡಿಯೆಲ್ಲ ರಾಡಿಯಾಗುತ್ತಿತ್ತು. ಅವನ ಬಾಯಿಂದ ಬೈಗುಳ ಬರಲಿಲ್ಲ, ಗ್ರಂಥದ ಮಾತೂ ಬರಲಿಲ್ಲ, ಕೈಯ ಮಾತೂ ಬರಲಿಲ್ಲ.

“ತಪ್ಪಾಯ್ತಕ್ಕ,” ಎಂದ. ಎಷ್ಟು ಮೆಲ್ಲಗೆಂದರೆ ಬಾಗಿಲಲ್ಲಿದ್ದ ಹೆಂಡತಿಗೆ ಕೇಳಿಸಲಿಲ್ಲ. “ಕೈ ಅಲ್ಲ. ನಾನೇ ಹೊಡೆದೆ. ಉಪ್ಪು ಮರೆತಿದ್ದೂ ನಾನೇ. ಇವತ್ತು ಮಾಡಿದ್ದೂ ನಾನೇ. ತಪ್ಪಾಯ್ತು.”

ಅಕ್ಕನ ಕಣ್ಣು ತುಂಬಿತು. ಮಂಚದ ತುದಿಯಲ್ಲಿದ್ದ ಬಟ್ಟೆ ಎತ್ತಿಕೊಂಡು ಅವನ ತಲೆ ಒರೆಸಿದಳು, ಕಿವಿಯ ಹಿಂದೆಲ್ಲ.

“ಕೇಳಿಸ್ತು ತಮ್ಮಾ. ನಿನ್ನ ಮೇಲೆ ನನಗೇನೂ ಇಲ್ಲ ಈಗ.”

“ಹಾಗಾದ್ರೆ ಇರು.”

“ಇರಲ್ಲ.”

“ಈಗ ತಾನೇ ಏನೂ ಇಲ್ಲ ಅಂದೆ!”

“ಏನೂ ಇಲ್ಲ ಅಂದ್ರೆ ಏನೂ ಇಲ್ಲ. ಆದರೆ ಇನ್ಮೇಲೆ ನೀನು ಟ್ರೇ ಎತ್ತೋಕೆ ಕೈ ಎತ್ತಿದ್ರೂ ನಾನು ಕಣ್ಣು ಮುಚ್ಕೋತೀನಿ ಕಣೋ. ನಿನಗೆ ಗೊತ್ತಾಗಲಿಲ್ಲ ಅಷ್ಟೇ. ದಿನಾ ಮುಚ್ಕೋತಿದ್ದೆ. ನನ್ನ ಮನೇಲಿ ನಾನು ಹಾಗೆ ಇರಲಾರೆ. ಆ ಮಂದಿರಕ್ಕೂ ಇನ್ನು ಯಾವ ಮುಖ ಇಟ್ಕೊಂಡು ಹೋಗ್ಲಿ, ಹೇಳು?”

ಅವನು ಬಾಗಿಲಿಗೆ ಅಡ್ಡ ನಿಲ್ಲೋಣವೆಂದು ಒಂದು ಹೆಜ್ಜೆ ಇಟ್ಟ. ಅಕ್ಕನ ಭುಜ ತಾನಾಗಿ ಕುಗ್ಗಿತು, ರೆಪ್ಪೆ ಮುಚ್ಚಿತು. ಅವನು ಕಂಡ. ಎರಡು ಹೆಜ್ಜೆ ಹಿಂದೆ ಸರಿದು ಗೋಡೆಗೆ ಒರಗಿ ದಾರಿ ಬಿಟ್ಟ.

ಅವಳು ಬ್ಯಾಗಿನ ಜಿಪ್ಪು ಎಳೆದಳು. ಅವನ ಹೆಂಡತಿಯ ಗಲ್ಲ ಹಿಡಿದು, “ಹೊಟ್ಟೆ ಕಟ್ಟಿಕೊಂಡು ದುಡೀಬೇಡ” ಎಂದಳು. ಅಂಗಡಿಯ ಮುಂಬಾಗಿಲಿನಿಂದ ಹೋಗದೆ, ಸೌದೆ ಒಟ್ಟಿದ್ದ ಹಿತ್ತಲ ಬಾಗಿಲಿನಿಂದ ಬೀದಿಗಿಳಿದಳು.

“ಕರೀರಿ, ಕರೀರಿ ಅವರನ್ನ!” ಎಂದು ಹೆಂಡತಿ ಅವನ ತೋಳು ಹಿಡಿದು ಜಗ್ಗಿದಳು.

ಬೀದಿಯ ಆ ತುದಿಗೂ ಕೇಳುವ ಗಂಟಲು ಅವನದು. ಅವನು ಕರೆಯಲಿಲ್ಲ. ಕರೆದರೆ ಅವಳು ಬೆಚ್ಚಿಬೀಳುತ್ತಾಳೆ. ಅಕ್ಕ ತಿರುವಿನಲ್ಲಿ ಒಮ್ಮೆ ನಿಂತು, ಬ್ಯಾಗನ್ನು ಕೆಳಗಿಟ್ಟು, ಇನ್ನೊಂದು ಕೈಗೆ ಎತ್ತಿಕೊಂಡು ಹೋದಳು. ಆ ಮನೆಗೆ ಅವಳು ಮತ್ತೆ ಬರಲಿಲ್ಲ.